ಬಾಗಿಲಿಲ್ಲದವರ ಮೇಲಿನ ಅನುಮಾನ

ಪ್ರಿಯ ಓದುಗರೇ,

ಬೀದಿಯಲ್ಲಿ ಮಲಗಿದವರನ್ನು ಕಂಡೊಡನೆ ಚೀಲವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೀರಿ, ಹಣ ಕೊಟ್ಟರೆ ಕುಡಿದು ಕಳೆಯುತ್ತಾರೆಂದು ಕೊಡುವುದಿಲ್ಲ ಎಂದು ಬರೆದಿದ್ದೀರಿ. ಬಡಾವಣೆಯಲ್ಲಿ ರಾತ್ರಿ ಆಶ್ರಯ ಕೇಂದ್ರ ಬೇಡವೆಂಬ ಮನವಿಗೆ ಸಹಿಯನ್ನೂ ಹಾಕಿದ್ದೀರಿ. ‘ಅಂದಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ, ನಾನು ಕೆಟ್ಟವಳೇ?’ ಎಂಬುದು ನಿಮ್ಮ ಪ್ರಶ್ನೆ.

ಕೆಟ್ಟವರಾಗಿದ್ದರೆ ಈ ಪತ್ರ ಬರುತ್ತಿರಲಿಲ್ಲ. ಆದರೆ ಅದರಲ್ಲಿ ಭಯ ಮತ್ತು ಅನುಮಾನ ಬೆರೆತುಹೋಗಿವೆ. ಕತ್ತಲಲ್ಲಿ ಯಾರೋ ಕೂಗಾಡುತ್ತ ಹಿಂಬಾಲಿಸಿದರೆ ದೂರ ಸರಿಯಲೇಬೇಕು. ಅವರಿಗೆ ಮನೆ ಇದೆಯೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸುಮ್ಮನೆ ಮಲಗಿದವರನ್ನು ಕಂಡಾಗಲೂ ಕೈ ಬಿಗಿಯಾಗುತ್ತದಲ್ಲ, ನಾವು ಪ್ರಶ್ನಿಸಿಕೊಳ್ಳಬೇಕಾದದ್ದು ಅದನ್ನು.

ಮನೆಯುಳ್ಳವರ ಕುಡಿತ, ಜಗಳ, ಅಳು, ಕೊಳೆಬಟ್ಟೆ ಎಲ್ಲವೂ ಬಾಗಿಲ ಹಿಂದೆ ಉಳಿಯುತ್ತವೆ. ಬೀದಿಯಲ್ಲಿರುವವರ ಬದುಕಿನ ಅತಿ ಕೆಟ್ಟ ಗಳಿಗೆಯನ್ನು ದಾರಿಹೋಕರೆಲ್ಲ ನೋಡುತ್ತಾರೆ, ನೋಡಿದ್ದನ್ನೇ ಸ್ವಭಾವವೆಂದು ತೀರ್ಮಾನಿಸುತ್ತಾರೆ. ಹಗಲು ಮಲಗಿದರೆ ಸೋಮಾರಿ ಎನ್ನುತ್ತೇವೆ. ಕಣ್ಣು ಮುಚ್ಚಿದರೆ ಗಂಟು ಕಳುವಾದೀತು, ಯಾರಾದರೂ ಒದ್ದಾರು ಎಂದು ರಾತ್ರಿಯೆಲ್ಲ ಎಚ್ಚರವಿದ್ದವರು ಅವರು. ಆಶ್ರಯ ಕೇಂದ್ರಕ್ಕೆ ಹೋಗಲೊಪ್ಪದಿದ್ದರೆ ಮೊಂಡುತನ ಎನ್ನುತ್ತೇವೆ; ಗಂಡ ಹೆಂಡತಿಯನ್ನು ಬೇರ್ಪಡಿಸುವ, ಜೊತೆಗಿರುವ ನಾಯಿಯನ್ನು ಹೊರಗಟ್ಟುವ ಕೇಂದ್ರಗಳಿವೆ ಎಂಬುದು ನಮಗೆ ಹೊಳೆಯುವುದಿಲ್ಲ. ಇನ್ನು ಮನೆ ಕಳೆದುಕೊಂಡೂ ಕೆಲಸಕ್ಕೆ ಹೋಗುತ್ತ, ಕಾರಿನಲ್ಲೋ ನೆಂಟರ ಮನೆಯ ನೆಲದ ಮೇಲೋ ಮಲಗುವವರನ್ನು ನಾವು ಗುರುತಿಸುವುದೇ ಇಲ್ಲ. ಅವರ ಪಕ್ಕದಲ್ಲಿ ನಿಶ್ಚಿಂತೆಯಿಂದ ಕುಳಿತಿರುತ್ತೇವೆ.

ಹಣದ ವಿಚಾರಕ್ಕೆ ಬರೋಣ. ಕೆನಡಾದ ವ್ಯಾಂಕೂವರ್‌ನಲ್ಲಿ ಮನೆಯಿಲ್ಲದ 50 ಜನರಿಗೆ ತಲಾ 7,500 ಕೆನಡಿಯನ್ ಡಾಲರ್‌ಗಳನ್ನು ಯಾವ ಷರತ್ತೂ ಇಲ್ಲದೆ ಒಮ್ಮೆಗೇ ಕೊಟ್ಟು ನೋಡಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹಣ ಸಿಗದವರಿಗೆ ಹೋಲಿಸಿದರೆ ಅವರು ಒಂದು ವರ್ಷದಲ್ಲಿ ಮನೆಯಿಲ್ಲದೆ ಕಳೆದ ದಿನಗಳು ಸರಾಸರಿ 99ರಷ್ಟು ಕಡಿಮೆ. ಮದ್ಯ, ಮಾದಕ ವಸ್ತುಗಳ ಖರ್ಚು ಹೆಚ್ಚಲಿಲ್ಲ. ಹೆಚ್ಚುತ್ತದೆಂದು ಊಹಿಸಿದ್ದವರು ಸಾರ್ವಜನಿಕರು, ಅಂದರೆ ನಮ್ಮಂಥವರೇ. ತೀವ್ರ ವ್ಯಸನ ಅಥವಾ ಮಾನಸಿಕ ಕಾಯಿಲೆ ಇದ್ದವರನ್ನು ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ ಎಂಬುದನ್ನೂ ಹೇಳಬೇಕು. ಅಂಥವರಿಗೆ ಹಣದ ಜೊತೆ ಚಿಕಿತ್ಸೆಯೂ ಬೇಕು.

ಇನ್ನೊಂದು ಅಧ್ಯಯನ ನನ್ನನ್ನು ಹೆಚ್ಚು ಕಾಡಿದೆ. ಮನೋವಿಜ್ಞಾನಿಗಳಾದ ಲಸಾನಾ ಹ್ಯಾರಿಸ್ ಮತ್ತು ಸೂಸನ್ ಫಿಸ್ಕ್ 2006ರಲ್ಲಿ ತೋರಿಸಿದ್ದು ಇದು: ಮನುಷ್ಯರನ್ನು ಕಂಡಾಗ ಸಾಮಾನ್ಯವಾಗಿ ಚುರುಕಾಗುವ ಮಿದುಳಿನ ಒಂದು ಭಾಗ, ಮನೆಯಿಲ್ಲದವರ ಚಿತ್ರ ಕಂಡಾಗ ಅಷ್ಟಾಗಿ ಚುರುಕಾಗಲಿಲ್ಲ. ಮುಂದೆ ಅವರದೇ ಇನ್ನೊಂದು ಪ್ರಯೋಗದಲ್ಲಿ, ಚಿತ್ರದಲ್ಲಿರುವವರಿಗೆ ಇಂಥ ತರಕಾರಿ ಇಷ್ಟವಾದೀತೇ ಎಂದು ಕೇಳಿದಾಗ ಅದೇ ಭಾಗ ಚುರುಕಾಯಿತು. ಅಷ್ಟು ಸಣ್ಣ ಪ್ರಶ್ನೆ ಸಾಕಾಯಿತು!

ಆದ್ದರಿಂದ ನನ್ನ ಸಲಹೆ ದೊಡ್ಡದೇನಲ್ಲ. ಹಣ ಕೊಡುವುದಾದರೆ ಲೆಕ್ಕ ಕೇಳದೆ ಕೊಡಿ. ಕೊಡಲಾಗದಿದ್ದರೆ ಮುಖ ನೋಡಿಯೇ ‘ಇಲ್ಲ’ ಎನ್ನಿ. ಊಟ ಆಯಿತೇ ಎಂದು ವಿಚಾರಿಸಿ. ಅವರು ಉತ್ತರಿಸದಿರಬಹುದು, ಸಿಡುಕಲೂಬಹುದು. ದಿನವಿಡೀ ತಿರಸ್ಕಾರ ಉಂಡವರು ನಿಮ್ಮನ್ನು ಕೂಡಲೇ ನಂಬಬೇಕೆಂದು ಬಯಸುವುದು ನ್ಯಾಯವಲ್ಲ.

ಮನವಿಯಿಂದ ಸಹಿ ಹಿಂತೆಗೆದುಕೊಳ್ಳಬಹುದೇ ಎಂದೂ ಕೇಳಿದ್ದೀರಿ. ಖಂಡಿತ ಪ್ರಯತ್ನಿಸಿ. ಮನವಿ ಸಲ್ಲಿಸಿದವರಿಗೂ ಸ್ವೀಕರಿಸಿದ ಕಚೇರಿಗೂ ಪತ್ರ ಬರೆಯಿರಿ. ಕೇಂದ್ರದಲ್ಲಿ ರಾತ್ರಿ ಮೇಲ್ವಿಚಾರಣೆ ಯಾರದು, ಹೆಂಗಸರಿಗೆ ಪ್ರತ್ಯೇಕ ಕೋಣೆ ಇದೆಯೇ, ಸಾಮಾನು ಇಡಲು ಬೀಗವಿರುವ ಪೆಟ್ಟಿಗೆ ಸಿಗುತ್ತದೆಯೇ ಎಂಬ ಪ್ರಶ್ನೆಗಳನ್ನೂ ಅದರಲ್ಲೇ ಸೇರಿಸಿ.

— ಸಂಪಾದಕ