ಟೊಂಕದ ನೋವಿಗೆ ಜಿಮ್ ಬ್ಯಾಡ, ಒಂದು ಕೌದಿ ಸಾಕು

ಅಣ್ಣಾರ ನಮಸ್ಕಾರ. ಮೆಣಸಿನಗಿಡದಾಗ ಎರಡು ದಿನ ಕಸ ತಗದು, ಮೂರನೇ ದಿನ ಎಣ್ಣಿ ಹೊಡದು ಬಂದ ಮ್ಯಾಲೆ ಟೊಂಕ ಹಿಡಕೊಂಡೈತಿ, ಬ್ಯಾಡಗಿಗೆ ಹೋಗಿ ಜಿಮ್ ಸೇರೂದು ಆಗದ ಮಾತು, ಮನಿಯಾಗ ಏನರ ಮಾಡಬಹುದೇನು ಅಂತ ಕೇಳೀರಿ. ನಿಮ್ಮ ಪ್ರಶ್ನೆ ಕೆಳಗ ನಾಕು ಮಂದಿ ‘ದಿನಾ ಬಗ್ಗಿ ಕಾಲ್ಬೆರಳು ಮುಟ್ಟ್ರಿ’ ಅಂತ ಬರದಾರ. ನಾ ಒಪ್ಪೂದಿಲ್ಲ. ಮುಂಜಾನಿಂದ ಸಂಜಿತನಕ ಬಗ್ಗಿ ಕಸ ತಗಿಯೂ ಕುರ್ಚಿಗಿ ಆಡಿಸಿದ ಟೊಂಕಕ್ಕ ಮತ್ತ ಬಗ್ಗೂದನ್ನ ಕಲಿಸಬೇಕೇನು? ಅದಕ್ಕ ಬೇಕಾಗಿದ್ದು ಅಲ್ಲಾಡದ ತಡಕೊಳ್ಳೂ ತಾಕತ್ತು.

ನಂದೂ ಹಿಂಗ ಆಗಿತ್ತು. ಟ್ರಾಲಿಯಿಂದ 50 ಕೆಜಿ ಡಿಎಪಿ ಗೊಬ್ಬರದ ಚೀಲ ಎತ್ತಿ ಹಂಗ ಪಕ್ಕಕ್ಕ ಹೊಳ್ಳಿದೆ, ಚಳಕ್ ಅಂತು. ಎಂಟು ದಿನ ಹೊರಸಿನ ಮ್ಯಾಲೆ ಬಿದ್ದುಕೊಂಡೆ. ಅದ ದೊಡ್ಡ ತಪ್ಪು. ಒಂದೆರಡು ದಿನದ ಮ್ಯಾಲೆ ಮಲಗಿದಷ್ಟೂ ಬೆನ್ನು ಸೋಲತೈತಿ, ತಡಕೊಳ್ಳೂವಷ್ಟು ಅಡ್ಡಾಡಬೇಕು.

ಹಂಗಂತ ಎಲ್ಲಾ ನೋವಿಗೂ ವ್ಯಾಯಾಮ ಅಲ್ಲ. ಕಾಲಾಗಿನ ಶಕ್ತಿ ಹೋಗಿ ನಡಿಯೂವಾಗ ಚಪ್ಪಲಿ ತಾನ ಕಳಚಿ ಬೀಳತಿದ್ರ, ಕುಂದ್ರೂ ಜಾಗಾ ಜೋಮು ಹಿಡದಿದ್ರ, ಉಚ್ಚಿ ಕಟ್ಟಿದ್ರ ಇಲ್ಲಾ ತಡಿಯಾಕ ಆಗದಿದ್ರ ಅವತ್ತ ಹುಬ್ಬಳ್ಳಿ ದೊಡ್ಡ ಸರಕಾರಿ ದವಾಖಾನಿಗೆ (ಮೊದಲಿನ ಕಿಮ್ಸ್) ಹೋಗ್ರಿ. ಬಿದ್ದು ಪೆಟ್ಟಾಗಿದ್ರ, ಜ್ವರ ಇದ್ರನೂ ಮೊದಲ ಡಾಕ್ಟರಿಗೆ ತೋರಸ್ರಿ.

ಎದ್ದ ಕೂಡಲೆ ಶುರು ಮಾಡಬ್ಯಾಡ್ರಿ. ರಾತ್ರಿ ಮಲಗಿದಾಗ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತಿ (ಡಿಸ್ಕ್) ನೀರು ಹೀರಿ ಉಬ್ಬಿರತೈತಿ, ಆವಾಗ ಬಗ್ಗಿದ್ರ ಅದರ ಮ್ಯಾಲೆ ಒತ್ತಡ ಭಾಳ. ಚಾ ಕುಡದು, ದನಕ್ಕ ಮೇವು ಹಾಕಿ, ಒಂದು ತಾಸು ಬಿಟ್ಟು ಕೌದಿ ಹಾಸ್ರಿ. ಅಂಬೆಗಾಲಿನ್ಯಾಗ ನಿಂತು, ಬೆಕ್ಕು ಮೈ ಮುರದಂಗ ಬೆನ್ನು ಮ್ಯಾಲೆ ಕೆಳಗ ಏಳೆಂಟು ಸಲ ಮೆಲ್ಲಕ ಆಡಸ್ರಿ. ಇದು ಬರೇ ಕೀಲು ಸಡ್ಲ ಮಾಡಾಕ.

ಅದ ಭಂಗಿಯೊಳಗ ಬಲಗೈ ಮುಂದ, ಎಡಗಾಲು ಹಿಂದ ಚಾಚಿ 10 ಸೆಕೆಂಡು ಹಿಡೀರಿ, ಆಮ್ಯಾಲೆ ಅದಲು ಬದಲು. ಒಂದೊಂದು ಬಾಜೂಕ 6 ಸಲ, ತುಸು ದಮ್ಮು ತಗೊಂಡು 4, ಮತ್ತ 2. ನೋಡಾಕ ಹುಡುಗರ ಆಟ. ಖರೇ ಪರೀಕ್ಷೆ ಬೇಕಂದ್ರ ಟೊಂಕದ ಮ್ಯಾಲೆ ಒಂದು ತಂಬಗಿ ನೀರು ಇಡಸ್ರಿ. ನಾ ಮೊದಲನೇ ದಿನ ಕಾಲು ಎತ್ತಿದ್ದ ತಡ, ತಂಬಗಿ ಉರುಳಿ ಕೌದಿ ಎಲ್ಲಾ ತೊಯ್ದು ಮನಿಯಾಕಿ ಕಡಿಂದ ಬೈಸಿಕೊಂಡೆ. ನೀರು ಚೆಲ್ಲದ ನಿಲ್ಲಾಕ ಮೂರು ವಾರ ಹಿಡೀತು.

ಇನ್ನ ಅಂಗಾತ ಮಲಗಿ, ಮಣಕಾಲು ಮಡಚಿ, ಹಿಮ್ಮಡ ಊರಿ ಪಿರ್ರಿ ಎತ್ತೂದು, 10 ಸಲ. ಬಿಗಿ ಪಿರ್ರಿಯೊಳಗ ಆಗಬೇಕು. ತೊಡಿ ಹಿಂದ ಸೆಳತ ಬಂದ್ರ ಹಿಮ್ಮಡ ಪಿರ್ರಿ ಕಡೆ ತಗೊಳ್ರಿ. ಆಮ್ಯಾಲೆ ಒಂದು ಬಾಜೂಕ ಮಲಗಿ, ಮೊಣಕೈ ಮಣಕಾಲಿನ ಮ್ಯಾಲೆ ಭಾರ ಹಾಕಿ ಟೊಂಕ ಎತ್ತಿ ಹಿಡಿಯೂದು, ಇದೂ 10 ಸೆಕೆಂಡಿನ ಲೆಕ್ಕ.

ಡುಬ್ಬದ ಮ್ಯಾಲಿನ ಭಾಗಕ್ಕ 5 ಲೀಟರ್ ಕ್ಯಾನು ಸಾಕು. ಒಂದು ಕೈ ಹೊರಸಿಗೆ ಊರಿ, ಇನ್ನೊಂದರಲೆ ಕ್ಯಾನು ಪಕ್ಕಿತನಕ ಎಳೀರಿ. ಮೊದಲ ಅರ್ಧ ನೀರು, ರೂಢಿ ಆದಂಗ ತುಂಬಿಸ್ರಿ. ವಾರದಾಗ ಮೂರು ದಿನ ಸಾಕು.

ಎಳತ ಬೇಕಾಗಿದ್ದು ತೊಡಿ ಹಿಂದಿನ ನರಕ್ಕ ಅಂತಾರ ಮಂದಿ, ಅದು ನರ ಅಲ್ಲ, ಸ್ನಾಯು. ಅಂಗಾತ ಮಲಗಿ, ಪಾದಕ್ಕ ಧೋತರ ಹಾಕಿ, ಕಾಲು ನೆಟ್ಟಗ ಎತ್ತಿ 30 ಸೆಕೆಂಡು ಹಿಡೀರಿ. ಬೋರಲ ಮಲಗಿ ಮೊಣಕೈ ಊರಿ ಎದಿ ಎತ್ತೂದೂ ಛಲೋ. ಅದರಾಗ ಕಾಲಿನ ನೋವು ಮ್ಯಾಲೆ ಸರದು ಟೊಂಕದಾಗ ಬಂದು ನಿಂತ್ರ ಅಂಜಬ್ಯಾಡ್ರಿ, ಅದು ಒಳ್ಳೆ ಲಕ್ಷಣ. ಕಾಲಿಗುಂಟ ಕೆಳಗ ಇಳದ್ರ ಬಿಟ್ಟುಬಿಡ್ರಿ. ನಮ್ಮಜ್ಜನ ಗರಡಿಮನಿ ದಂಡ ಬೈಠಕ್ ಮಾಡೂದು ನೋವು ಹೋದ ಮ್ಯಾಲೆ.

ಇದೆಲ್ಲಾ ಹದಿನೈದು ನಿಮಿಷದ ಕೆಲಸ. ಖರೇ ಕಲಿಯೂದು ಟೊಂಕ ಬಗ್ಗಿಸದ ತೊಡಿಕೀಲಿಂದ ಬಗ್ಗೂದನ್ನ. ಒಂದು ಉದ್ದನ್ನ ಬಡಿಗಿ ಬೆನ್ನಿಗುಂಟ ಹಿಡೀರಿ. ತಲಿ ಹಿಂಭಾಗ, ಎರಡೂ ರಟ್ಟಿ ನಡುವಿನ ಬೆನ್ನು, ಬಾಲದ ಎಲುಬು, ಈ ಮೂರಕ್ಕೂ ತಾಗಿರಬೇಕು. ಮಣಕಾಲು ತುಸು ಸಡ್ಲ ಬಿಟ್ಟು, ಎರಡೂ ಕೈಯಾಗ ಸಾಮಾನು ಇದ್ದಾಗ ಬಾಗಿಲಾ ಪಿರ್ರಿಲೆ ದೂಡತೀವಲ್ಲ, ಹಂಗ ಹಿಂದಕ್ಕ ದೂಡಿ ಬಗ್ರಿ. ಬಡಿಗಿ ಒಂದು ಕಡೆ ಬಿಟ್ಟಿತಂದ್ರ ಬಗ್ಗಿದ್ದು ಟೊಂಕ, ತೊಡಿಕೀಲಲ್ಲ. ದಿನಾ ಹತ್ತು ಸಲ ಮಾಡ್ರಿ, ಚೀಲ ಎತ್ತೂವಾಗ ತಾನ ಬರತೈತಿ.

ಇನ್ನ ನಿಮ್ಮ ಬೆನ್ನಿಗೆ ಹಾಕೂ ಎಣ್ಣಿ ಹೊಡಿಯೂ ಪಂಪು. 16 ಲೀಟರ್ ಅಂದ್ರ ನೀರ 16 ಕೆಜಿ, ಪಂಪಿನ ತೂಕ ಬ್ಯಾರೆ. ಒಂದು ತಿಂಗಳು 10 ಲೀಟರ್ ಅಷ್ಟ ತುಂಬಿಸ್ರಿ, ಔಷಧಾನೂ ಅದರ ಲೆಕ್ಕಕ್ಕ ಹಾಕ್ರಿ, ನಾಕು ಟಾಕಿ ಹೆಚ್ಚಾದ್ರ ಆಗವಲ್ದ್ಯಾಕ. ನೆಲದಿಂದ ಎತ್ತಿ ಹೆಗಲಿಗೆ ಒಗಕೊಳ್ಳಬ್ಯಾಡ್ರಿ. ಚಕ್ಕಡಿ ಮ್ಯಾಲೆ ಇಟ್ಟು, ಅದಕ್ಕ ಬೆನ್ನು ಕೊಟ್ಟು ನಿಂತು ಪಟ್ಟಿ ಹಾಕ್ಕೊಳ್ರಿ. ಇಳಸೂವಾಗನೂ ಅಲ್ಲೇ.