ಅಂಟು ಬಿಡದ ರೆಸಿನ್, ಗಟ್ಟಿಯಾಗದ ಅಚ್ಚು

ಪ್ರಶ್ನೆ: ಮದುವೆಯ ಹಾರದ ಹೂಗಳನ್ನು ಚೆನ್ನಾಗಿ ಒಣಗಿಸಿ, ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಎಪಾಕ್ಸಿ ರೆಸಿನ್‌ನಲ್ಲಿ ಹುದುಗಿಸಿ ಫಲಕ ಮಾಡಿದೆ. ಬಾಟಲಿಯ ಮೇಲೆ 2:1 ಎಂದು ಇದ್ದುದರಿಂದ 200 ಗ್ರಾಂ ರೆಸಿನ್‌ಗೆ 100 ಗ್ರಾಂ ಹಾರ್ಡ್‌ನರ್ (ಗಟ್ಟಿಗೊಳಿಸುವ ದ್ರವ) ತೂಗಿ ಬೆರೆಸಿದೆ. ಹಲವು ದಿನ ಕಳೆದರೂ ಮುಟ್ಟಿದರೆ ಬೆರಳಿನ ಗುರುತು ಬೀಳುತ್ತದೆ. ಹಾರ್ಡ್‌ನರ್ ಕಡಿಮೆಯಾಯಿತೇ? ಎಣ್ಣೆಜೇಡಿಯ ಗಣಪತಿಯಿಂದ ತೆಗೆದ ಸಿಲಿಕೋನ್ ಅಚ್ಚಿನ ಒಳಮೈಯೂ ಲೋಳೆಯಾಗಿಯೇ ಉಳಿದಿದೆ. ಇದಕ್ಕೆ ಕಾರಣವೇನು?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹಾರ್ಡ್‌ನರ್ ಕಡಿಮೆಯಾಗಿಲ್ಲ, ಹೆಚ್ಚಾಗಿರುವ ಸಾಧ್ಯತೆಯೇ ಬಹಳ. ಕರಕುಶಲಕ್ಕೆಂದು ಮಾರುವ ಬಾಟಲಿಗಳ ಮೇಲಿನ 2:1 ಸಾಮಾನ್ಯವಾಗಿ ಗಾತ್ರದ ಅಳತೆ. ನೀವು ಅದನ್ನು ತೂಕವೆಂದು ತೆಗೆದುಕೊಂಡಿದ್ದೀರಿ. ರೆಸಿನ್ ಒಂದು ಮಿಲಿಲೀಟರಿಗೆ ಸುಮಾರು 1.1 ಗ್ರಾಂ ತೂಗಿದರೆ ಹಾರ್ಡ್‌ನರ್ ಸುಮಾರು 0.95 ಗ್ರಾಂ ತೂಗುತ್ತದೆ. ಈ ಲೆಕ್ಕದಲ್ಲಿ 200 ಗ್ರಾಂ ರೆಸಿನ್‌ಗೆ ಬೇಕಿದ್ದದ್ದು ಸುಮಾರು 86 ಗ್ರಾಂ ಹಾರ್ಡ್‌ನರ್ ಮಾತ್ರ. ತಯಾರಕರ ವಿವರಪತ್ರದಲ್ಲಿ ತೂಕದ ಅನುಪಾತ ಪ್ರತ್ಯೇಕವಾಗಿ ಇದ್ದರೆ ಅದನ್ನೇ ಅನುಸರಿಸಿ, ಇಲ್ಲದಿದ್ದರೆ ಗೆರೆಯುಳ್ಳ ಲೋಟದಲ್ಲಿ ಅಳೆಯಿರಿ.

ಫೈಬರ್‌ಗ್ಲಾಸ್ ಕೆಲಸದಲ್ಲಿ ಪಾಲಿಯೆಸ್ಟರ್ ರೆಸಿನ್‌ಗೆ ಗಟ್ಟಿಗೊಳಿಸುವ ದ್ರವವನ್ನು ನಾಲ್ಕು ಹನಿ ಹೆಚ್ಚು ಹಾಕಿ ಬೇಗ ಗಟ್ಟಿ ಮಾಡುವುದನ್ನು ನೋಡಿದವರು ಎಪಾಕ್ಸಿಗೂ ಅದೇ ನಿಯಮವೆಂದು ಭಾವಿಸುತ್ತಾರೆ. ಅಲ್ಲಿ ಸೇರಿಸುವ ದ್ರವ ಕ್ರಿಯೆಯನ್ನು ಆರಂಭಿಸುತ್ತದೆ ಅಷ್ಟೆ; ಎಪಾಕ್ಸಿಯಲ್ಲಾದರೋ ಹಾರ್ಡ್‌ನರಿನ ಅಮೈನ್ ಅಣುಗಳು ರೆಸಿನ್ ಅಣುಗಳೊಡನೆ ನೇರವಾಗಿ ಬೆಸೆದುಕೊಂಡು ಆ ಘನದ ಭಾಗವೇ ಆಗುತ್ತವೆ. ಜೊತೆ ಸಿಗದೆ ಉಳಿದ ಅಣುಗಳು, ಯಾವ ಕಡೆಯವಾದರೂ ಸರಿ, ಫಲಕವನ್ನು ಮೆತ್ತಗೇ ಇರಿಸುತ್ತವೆ. ಅದಕ್ಕಾಗಿ ಎಷ್ಟು ಕಾದರೂ ಪ್ರಯೋಜನವಿಲ್ಲ.

ಅಳತೆ ಸರಿಯಿದ್ದೂ ಅಲ್ಲಲ್ಲಿ ಅಂಟು ಉಳಿದರೆ ಕಲಕಿದ್ದು ಸಾಲದು ಎಂದರ್ಥ. ಲೋಟದ ಅಂಚು ಮತ್ತು ತಳವನ್ನು ಕೆರೆಯುತ್ತಾ, ಗುಳ್ಳೆ ಏಳದಂತೆ ನಿಧಾನವಾಗಿ ಮೂರರಿಂದ ಐದು ನಿಮಿಷ ಕಲಕಿ, ಮತ್ತೊಂದು ಲೋಟಕ್ಕೆ ಸುರಿದು ಪುನಃ ಕಲಕಬೇಕು. ಬೆರೆಸಿದ್ದನ್ನು ಲೋಟದಲ್ಲೇ ಬಿಟ್ಟರೆ ತನ್ನದೇ ಶಾಖಕ್ಕೆ ಕಾದು ಹೊಗೆಯಾಡಲೂಬಹುದು, ಆದ್ದರಿಂದ ತಡಮಾಡದೆ ಸುರಿಯಿರಿ. ಮಳೆಗಾಲದ ತೇವದಲ್ಲಿ ಗಟ್ಟಿಯಾದ ಮೇಲ್ಮೈಯ ಮೇಲೂ ಮೇಣದಂಥ ಪೊರೆ ಕಟ್ಟುವುದುಂಟು. ಅದು ಉಗುರುಬೆಚ್ಚಗಿನ ಸೋಪುನೀರಿಗೆ ಹೋಗುತ್ತದೆ. ನಿಮ್ಮಲ್ಲಿ ಬೆರಳು ಒಳಗಿಳಿಯುವುದರಿಂದ ಇದು ಪೊರೆಯಲ್ಲ. ಮೆತ್ತಗಿರುವ ಪದರ ತೆಳುವಾಗಿದ್ದರೆ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಸರಿಯಾಗಿ ಅಳೆದ ಹೊಸ ಪದರವನ್ನು ಸುರಿಯಬಹುದು. ಇಡೀ ಫಲಕವೇ ಮೆತ್ತಗಿದ್ದರೆ ಆ ಹೂಗಳನ್ನು ಉಳಿಸುವುದು ಕಷ್ಟವೆಂದು ಹೇಳಲು ನನಗೂ ನೋವಾಗುತ್ತದೆ. ಕೆರೆಯುವಾಗ ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಹಸಿ ಎಪಾಕ್ಸಿ ಪದೇ ಪದೇ ತಗುಲಿದರೆ ಚರ್ಮಕ್ಕೆ ಅಲರ್ಜಿ ಅಂಟಿಕೊಂಡು ಜೀವನಪೂರ್ತಿ ಉಳಿಯಬಹುದು.

ಇನ್ನು ಅಚ್ಚು. ಎರಡು ಭಾಗಗಳನ್ನು ಸಮಸಮ ಬೆರೆಸುವ ಸಿಲಿಕೋನ್ ನಿಮ್ಮದಾಗಿದ್ದರೆ ಅದು ಪ್ಲಾಟಿನಂ ಬಗೆಯದಾಗಿರಬೇಕು, ಅಂದರೆ ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವಂಥದ್ದು. ಗಂಧಕ, ತವರದ ಸಂಯುಕ್ತ, ಅಮೈನ್ ಇವುಗಳ ಸೋಂಕು ತಗುಲಿದಲ್ಲಿ ಅದು ಗಟ್ಟಿಯಾಗುವುದಿಲ್ಲ. ಹಲವು ಎಣ್ಣೆಜೇಡಿಗಳಲ್ಲೂ ಲೇಟೆಕ್ಸ್ ಕೈಗವಸಿನಲ್ಲೂ ಗಂಧಕವಿರುತ್ತದೆ. ಗಂಧಕರಹಿತ ಜೇಡಿ ಬಳಸಿ, ಇಲ್ಲವೇ ಶೇಕಡಾ ಕೆಲವೇ ಪಾಲು ವೇಗವರ್ಧಕವನ್ನು ತೂಗಿ ಹಾಕುವ ತವರದ ಬಗೆಯ ಸಿಲಿಕೋನ್ ಕೊಳ್ಳಿ. ಅದು ಕಾಲಕ್ರಮೇಣ ತುಸು ಕುಗ್ಗುತ್ತದೆ, ಗಣಪತಿಯ ಅಚ್ಚಿಗೆ ಅಷ್ಟು ಕುಗ್ಗಿದರೆ ತೊಂದರೆಯಿಲ್ಲ. ಯಾವುದೇ ಆಗಲಿ, ಮೂರ್ತಿಯ ಹಿಂಬದಿಗೆ ಒಂದು ಚಮಚ ಹಚ್ಚಿ ಪರೀಕ್ಷಿಸಿದ ಮೇಲೆಯೇ ಪೂರ್ತಿ ಸುರಿಯಿರಿ. ಪೂರ್ತಿ ಗಟ್ಟಿಯಾಗದ ಎಪಾಕ್ಸಿಯಲ್ಲೂ ಅಮೈನ್ ಉಳಿದಿರುವುದರಿಂದ, ಈ ಫಲಕದ ಮೇಲೆ ಪ್ಲಾಟಿನಂ ಸಿಲಿಕೋನಿನ ಅಚ್ಚು ತೆಗೆಯಲು ಹೋಗಬೇಡಿ.