ಬೆಕ್ಕಿನ ರಕ್ತದ ಸಕ್ಕರೆ: ಯಾವ ಅಂಕಿ ನಿಜ?

ಪ್ರಶ್ನೆ: ನಮ್ಮ ಹತ್ತು ವರ್ಷದ ಬೆಕ್ಕಿಗೆ ದಿನಕ್ಕೆರಡು ಬಾರಿ ಇನ್ಸುಲಿನ್ ಕೊಡುತ್ತಿದ್ದೇವೆ. ಚಿಕಿತ್ಸಾಲಯದಲ್ಲಿ ಸಕ್ಕರೆ 340 ಬಂದರೆ, ಮನೆಯಲ್ಲಿ ಅಜ್ಜಿಯ ಗ್ಲುಕೋಮೀಟರ್ 190 ತೋರಿಸುತ್ತದೆ. ಯಾವುದನ್ನು ನಂಬುವುದು?
– ಓದುಗರೊಬ್ಬರು, ಮೈಸೂರು

ಉತ್ತರ: ಎರಡೂ ತಮ್ಮ ಮಟ್ಟಿಗೆ ಸರಿಯಿರಬಹುದು. ಬುಟ್ಟಿಯಲ್ಲಿ ಮುದುರಿ, ನಾಯಿಗಳ ಬೊಗಳಿನ ನಡುವೆ ಸರದಿ ಕಾದ ಬೆಕ್ಕಿನ ಸಕ್ಕರೆ ಬರೀ ಹೆದರಿಕೆಯಿಂದಲೇ 300 ದಾಟುವುದುಂಟು. ಮಧುಮೇಹವಿಲ್ಲದ ಬೆಕ್ಕಿಗೂ ಹೀಗಾಗಬಹುದು. ಇತ್ತ ಮನುಷ್ಯರ ಮೀಟರು, ಕೆಂಪು ರಕ್ತಕಣಗಳಿಗೂ ರಕ್ತದ ದ್ರವಭಾಗವಾದ ಪ್ಲಾಸ್ಮಾಕ್ಕೂ ನಡುವೆ ಸಕ್ಕರೆ ಹಂಚಿಕೆಯಾಗುವ ರೀತಿ ಬೆಕ್ಕಿನಲ್ಲಿ ಬೇರೆಯಾಗಿರುವುದರಿಂದ, ಸಾಮಾನ್ಯವಾಗಿ ವಾಸ್ತವಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಯಾವಾಗಲೂ ಒಂದೇ ಮೀಟರನ್ನು ಬಳಸಿ, ಬಿಡಿ ಅಂಕಿಗಿಂತ ಏರಿಳಿತವನ್ನು ಗಮನಿಸಿ.

ಕಿವಿಯನ್ನು ಬೆಚ್ಚನೆಯ ಬಟ್ಟೆಯಿಂದ ಒತ್ತಿ, ಅಂಚಿನ ರಕ್ತನಾಳದ ಬಳಿ ಚುಚ್ಚಿದರೆ ಒಂದು ಹನಿ ಸಾಕು. ವೈದ್ಯರು ಸೂಚಿಸಿದ ದಿನ ಬೆಳಗಿನ ಇನ್ಸುಲಿನ್‌ಗೆ ಮೊದಲೊಮ್ಮೆ, ಬಳಿಕ ಹನ್ನೆರಡು ಗಂಟೆಗಳವರೆಗೆ ಎರಡು ಗಂಟೆಗೊಮ್ಮೆ ಪರೀಕ್ಷಿಸಿ, ಊಟದ ಸಮಯದೊಂದಿಗೆ ಬರೆದಿಡಿ. ಆ ಪಟ್ಟಿಯಲ್ಲಿ ವೈದ್ಯರು ಮೊದಲು ಹುಡುಕುವುದು ಅತಿ ಕಡಿಮೆ ಅಂಕಿಯನ್ನು. ಒಂದೇ ಹೆಚ್ಚಿನ ಅಂಕಿ ಕಂಡು ನೀವೇ ಪ್ರಮಾಣ ಏರಿಸಕೂಡದು. ಸಕ್ಕರೆ 60ಕ್ಕಿಂತ ಇಳಿದರೆ, ಅಥವಾ ಬೆಕ್ಕು ತೂರಾಡಿದರೆ, ಇನ್ಸುಲಿನ್ ಕೊಡದೆ ಒಸಡಿಗೆ ಜೇನು ಸವರಿ ಕೂಡಲೇ ವೈದ್ಯರಿಗೆ ಕರೆ ಮಾಡಿ.

ನೀವು ಕೇಳದ ಒಂದು ಮಾತು: ಇನ್ಸುಲಿನ್ ಬಾಟಲಿಯ ಮೇಲೂ ಸಿರಿಂಜಿನ ಮೇಲೂ ಇರುವ 40 ಅಥವಾ 100 ಎಂಬ ಗುರುತು (ಒಂದು ಮಿಲಿಲೀಟರಿಗೆ ಎಷ್ಟು ಯೂನಿಟ್ ಇನ್ಸುಲಿನ್ ಎಂಬುದು) ಒಂದೇ ಆಗಿರಲಿ, 100ರ ಔಷಧವನ್ನು 40ರ ಸಿರಿಂಜಿನ ಗೆರೆಗಳಲ್ಲಿ ಅಳೆದರೆ ಎರಡೂವರೆ ಪಟ್ಟು ಹೆಚ್ಚು ಒಳಹೋಗುತ್ತದೆ.